ಕೆಸರು ಮೆತ್ತಿದ ಬೆನ್ನು

“ಯಾರಪ್ಪ ಈ ದಡಿಯ?” ಎಂದು ಡೂಗಲ್ ತನ್ನದೇ ಫೋಟೋವನ್ನು ಮೇಜಿನ ಆಚೆಗೆ ತಳ್ಳಿದ.

ನಿನಿಯನ್‌ಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ನಾಚಿಕೆಯಾಯಿತು. ಖುಷಿಯೇ ಹೆಚ್ಚು ಹೊತ್ತು ಉಳಿಯಿತು.

ಸ್ಕಾಟ್ಲೆಂಡಿನ ಗ್ರೀನಕ್ ಊರಿನ ಫುಟ್‌ಬಾಲ್ ಮೈದಾನದಲ್ಲಿ, ಗ್ಯಾಲರಿಯ ಕೆಳಗಿನ ಕೋಣೆಗೆ, ಮಂಗಳವಾರ ಬೆಳಿಗ್ಗೆ ನೆನಪು ಸೋತ ಮುದುಕರು ಬರುತ್ತಾರೆ. ಚಹಾ, ಮಟನ್ ಪೈ. ಹಳೆಯ ಪಂದ್ಯಗಳ ಫೋಟೋ ತೋರಿಸಿ ಅವರನ್ನು ಮಾತಾಡಿಸುವುದು ನಿನಿಯನ್‌ನ ಕೆಲಸ. ಹನ್ನೊಂದು ವರ್ಷ ಇದೇ ತಂಡದ ಹಿಂದಿನ ಸಾಲಿನಲ್ಲಿ ಆಡಿ, ಆಮೇಲೆ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವನು. ಯೂನಿವರ್ಸಿಟಿಗೆ ಹೋಗಿದ್ದ ತಪ್ಪಿಗೆ ತಂಡದವರು ಅವನನ್ನು ಆಗಲೇ ‘ಮೇಷ್ಟ್ರು’ ಅನ್ನುತ್ತಿದ್ದರು. ಅದೇ ತಂಡದ ಮುಂದಿನ ಸಾಲಿನಲ್ಲಿದ್ದ ಡೂಗಲ್‌ಗೆ ಅಡ್ಡಹೆಸರು ಬೇಕಾಗಿರಲಿಲ್ಲ. ಇದ್ದ ಹೆಸರನ್ನೇ ಗ್ಯಾಲರಿ ಹಾಡುತ್ತಿತ್ತು.

ಡೂಗಲ್, ನೂರ ನಲವತ್ತಮೂರು ಗೋಲು. ನಿನಿಯನ್, ಒಂದು.

ಆ ಒಂದರ ಫೋಟೋವನ್ನು ಇವತ್ತು ಮನೆಯಿಂದ ತಂದಿದ್ದ. ಈ ಮನುಷ್ಯನ ಬಾಯಲ್ಲಿ ಒಂದೇ ಒಂದು ಸಲ ‘ನಿನ್ನ ಗೋಲು’ ಅನ್ನಿಸಬೇಕಿತ್ತು. ಈಗಂತೂ ಅವನ ಗೋಲು ಯಾವುದೂ ಅಡ್ಡ ಬರುವಂತಿರಲಿಲ್ಲ.

ಫೋಟೋದಲ್ಲಿ ಮಳೆ. ಎರಡೂ ಕೈ ಎತ್ತಿದ ಒಬ್ಬ ಆಟಗಾರನ ಬೆನ್ನು. ಅಂಗಿಯ ನಂಬರಿನ ಮೇಲೆ ಕೆಸರು.

ಡೂಗಲ್ ಬಹಳ ಹೊತ್ತು ನೋಡಿದ.

“ಇದು ನಾನು.”

ಪಕ್ಕದಲ್ಲಿದ್ದ ಅವನ ಹೆಂಡತಿ ಮೋರಾಗ್ ಚಹಾದ ಕಪ್ಪು ಕೆಳಗಿಟ್ಟಳು.

“ಬಾಲು ನೀರಲ್ಲಿ ಸಿಕ್ಕಾಕ್ಕೊಂಡ್ತು,” ಎಂದ ಡೂಗಲ್. “ಎಲ್ರೂ ಮುಂದಕ್ಕೆ ಜಾರ್ಕೊಂಡು ಹೋದ್ರು, ಸ್ಟಾಪ್ ತಪ್ಪಿಸ್ಕೊಂಡ ಬಸ್ ಥರ. ನನ್ನ ಎಡಗಾಲಿನ ಲೇಸ್ ಬಿಚ್ಚೋಗಿತ್ತು ಗುರು. ಅದ್ರಲ್ಲೇ ಹೊಡ್ದೆ. ಗೋಲ್‌ಕೀಪರ್ ಇನ್ನೂ ಹುಡುಕ್ತಾ ಇದಾನೆ.”

ಮುದುಕರೆಲ್ಲ ಮೇಜು ತಟ್ಟಿದರು.

ಲೇಸಿನ ವಿಷಯ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಹೇಳಿದವನು ನಿನಿಯನ್ನೇ, ತಂಡದ ಬಸ್ಸಿನಲ್ಲಿ, ಡೂಗಲ್‌ನ ಪಕ್ಕ ಕೂತು, ಸೀಸನ್ ಮುಗಿಯುವವರೆಗೂ. ಆಗೆಲ್ಲ ಡೂಗಲ್ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಮಾಡುತ್ತಿದ್ದಂತೆ ಕಾಣುತ್ತಿದ್ದ.

“ಅದು ನಾನು, ಡೂಗಲ್,” ಎಂದ ನಿನಿಯನ್.

“ನೀನಾ?” ಡೂಗಲ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ಈ ಹೊಟ್ಟೆ ಇಟ್ಕೊಂಡು ಗೋಲ್ ಯಾಕ್ ಹೊಡೀತೀಯ ಅಣ್ಣ? ಗೋಲಿಗೆ ಅಡ್ಡ ನಿಂತ್ಕೋ. ಗಾಳೀನೂ ಒಳಗೆ ಹೋಗಲ್ಲ.”

ಇಡೀ ಕೋಣೆ ನಕ್ಕಿತು.

ಮೋರಾಗ್ ನಿನಿಯನ್‌ನ ಕಡೆ ಬಾಗಿದಳು. “ಬಿಟ್ಬಿಡು. ಇವ್ನು ನಕ್ಕು ಮೂರು ತಿಂಗಳಾಯ್ತು. ಇದೊಂದೇ ಉಳ್ದಿರೋದು ಇವ್ನಿಗೆ.”

“ನಂಗೆ?”

“ಏನಂದೆ?”

“ಏನಿಲ್ಲ. ಇನ್ನೊಂದು ಪೈ ಕೊಡ್ಲಾ ಅಂದೆ.”

ಅಷ್ಟರಲ್ಲಿ ಡೂಗಲ್ ಹೊಸಬರನ್ನು ಮಾತಾಡಿಸುವವನಂತೆ ತುಂಬ ಮರ್ಯಾದೆಯಿಂದ ಕೇಳಿದ: “ನೀವೂ ಆಡ್ತಿದ್ರಾ ಸಾರ್?”

“ಹ್ಞೂಂ. ಹಿಂದುಗಡೆ.”

“ಗೋಲು ಗೀಲು?”

ಮೋರಾಗ್ ನೋಡುತ್ತಿದ್ದಳು.

“ನೆನಪಿಲ್ಲ.”

“ಛೆ. ನಿಮಗೂ ಬಂತಾ?” ಡೂಗಲ್ ಅವನ ಕೈ ತಟ್ಟಿದ. “ಮಂಗಳವಾರ ಮಂಗಳವಾರ ಬನ್ನಿ ಸಾರ್. ಫೋಟೋ ತೋರಿಸ್ತಾರೆ.”

ಎಲ್ಲರೂ ಹೋದ ಮೇಲೆ ನಿನಿಯನ್ ಕಪ್ಪುಗಳನ್ನು ತೊಳೆದ. ಒದ್ದೆ ಕೈಯಲ್ಲೇ ಫೋಟೋ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಭುಜ ಇಷ್ಟು ಅಗಲ ಇತ್ತೇ? ತಲೆಗೂದಲು ಯಾರದು?

ಹೆಬ್ಬೆರಳಿನಿಂದ ನಂಬರಿನ ಮೇಲಿನ ಕೆಸರನ್ನು ಉಜ್ಜತೊಡಗಿದ. ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಉಗುರಿನಿಂದ. ಕೆಸರು ಸಿಪ್ಪೆಯಂತೆ ಎದ್ದು ಬಂತು.

ಕೆಳಗೆ ನಂಬರಿರಲಿಲ್ಲ. ಬರೀ ಕಾಗದ.