ಗೋದಕ್ಕನ ದೋಣಿ

ಚಾಮರಾಜಪೇಟೆಯಲ್ಲಿ ದೋಣಿ ಕಟ್ಟುತ್ತಿದ್ದಾನೆಂದು ಬೀದಿಯವರೆಲ್ಲ ನನ್ನನ್ನು ನೋಡಿ ನಕ್ಕರು. ನಗಲಿ. ಹೋದ ವರ್ಷ ರಾಜಕಾಲುವೆ ಉಕ್ಕಿದಾಗ, ಲಕ್ವ ಹೊಡೆದ ನನ್ನ ಅಕ್ಕ ಗೋದಾ ಮಂಚದ ಮೇಲೆ ಗಲ್ಲದವರೆಗೆ ನೀರಿನಲ್ಲಿ ಮಲಗಿದ್ದಳು. ಆಗ ಇವರಲ್ಲಿ ಒಬ್ಬರೂ ಇಣುಕಿರಲಿಲ್ಲ. ಬೇರೆ ಮನೆಗೆ ಹೋಗೋಣವೆಂದರೆ ಅವಳು ಸುತರಾಂ ಒಪ್ಪಳು. ಇನ್ನೊಮ್ಮೆ ಹಾಗಾದರೆ ಅವಳು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಮೂವತ್ತು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸಿದವನು ನಾನು. ಪ್ಲೈವುಡ್ ಕೊಯ್ದು, ತಂತಿಯಿಂದ ಹೊಲಿದು, ಸಂದುಗಳಿಗೆ ರೆಸಿನ್ ಎಂಬ ಅಂಟು ಮೆತ್ತಿ, ಉಪ್ಪುಕಾಗದದಿಂದ ಉಜ್ಜಿದ್ದೆ. ಇನ್ನು ತಳದ ಸಂದಿಗೆ ಗಾಜಿನ ನಾರಿನ ಪಟ್ಟಿ ಅಂಟಿಸಿ, ಮೇಲೆ ಎರಡು ಕೋಟು ರೆಸಿನ್ ಹೊಡೆಯುವುದಷ್ಟೇ ಬಾಕಿ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ, ಅಕ್ಕನ ಮಂಚದ ಪಕ್ಕ ಮಗುಚಿಟ್ಟಿದ್ದ ದೋಣಿಯ ಸಂದಿನುದ್ದಕ್ಕೂ ಕುಂಕುಮದ ಬೊಟ್ಟುಗಳು. ಅಂದು ಆಯುಧಪೂಜೆ.

"ಅಕ್ಕಾ, ಏನ್ ಮಾಡಿದೀಯ! ಮೊದ್ಲು ಒರೆಸು ಅದನ್ನ!"

"ಬೈಬೇಡ ಕಣೋ ಸಂಕರ್ಷಣ, ಒರೆಸ್ತೀನಿ."

ಹೆದರಿಕೊಂಡು, ಆಡುವ ಒಂದೇ ಕೈಯಲ್ಲಿ ಸೆರಗಿನಿಂದ ಒರೆಸಿದಳು. ಬೊಟ್ಟು ಉದುರದಿರಲೆಂದು ಅವಳು ಕುಂಕುಮವನ್ನು ತಲೆಗೆ ಹಚ್ಚುವ ಹರಳೆಣ್ಣೆಯಲ್ಲಿ ಕಲೆಸಿದ್ದಳು. ಏನರಲ್ಲಿ ಕಲೆಸಿದೆಯೆಂದು ನಾನು ಕೇಳಲಿಲ್ಲ, ಸಿಟ್ಟು ನೆತ್ತಿಗೇರಿತ್ತು. ಒರೆಸಿದಷ್ಟೂ ಹರಡಿದ ಎಣ್ಣೆಯ ಮೇಲೆಯೇ ಪಟ್ಟಿ ಅಂಟಿಸಿದೆ.

ಪಟ್ಟಿ ಅಂಟಿಸಿದ ಹನ್ನೆರಡನೆಯ ದಿನ ಮಧ್ಯಾಹ್ನ ಮಳೆ ಬಡಿಯಿತು. ಮೊಳಕಾಲು ನೀರು ಒಳಗೆ ಬಂದೊಡನೆ ಅಕ್ಕನನ್ನು ದೋಣಿಯಲ್ಲಿ ಮಲಗಿಸಿ ತಳ್ಳಿಕೊಂಡು ಹೊರಟೆ. ತೇಲಿತು! ನಕ್ಕವರೆಲ್ಲ ಮಹಡಿಯಿಂದ ನೋಡುತ್ತಿದ್ದರು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಬೀದಿಯ ತಿರುವಿನಲ್ಲಿ ನೀರು ಎದೆಮಟ್ಟವಿತ್ತು. ಅಲ್ಲಿ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯಂತೆ ಕಿತ್ತುಬಂತು. ಅದರ ಒಳಮೈ ಜಿಡ್ಡುಜಿಡ್ಡಾಗಿತ್ತು. ಎಣ್ಣೆ ತಾಗಿದ ಮರಕ್ಕೆ ಅಂಟು ಹಿಡಿಯದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠ ಆಗ ನೆನಪಾಯಿತು. ದೋಣಿ ಮುಳುಗಿತು. ನಾನು ತಲೆ ಎತ್ತಿ ಹಿಡಿಯುವಷ್ಟರಲ್ಲಿ ಅಕ್ಕ ಆ ಕೊಳಚೆಯನ್ನು ಕುಡಿದಿದ್ದಳು.

ಎದೆಯಲ್ಲಿ ನೀರು ಸೇರಿದೆ, ಕಷ್ಟ ಎಂದರು ಡಾಕ್ಟರು. ಮೂರನೆಯ ದಿನ ಅವಳು ಕಣ್ಣು ತೆರೆದಳು.

"ನಾನು ಬೊಟ್ಟಿಟ್ಟಿದ್ದಕ್ಕೇ ಹೀಗಾಯ್ತೇನೋ?"

"ಅಯ್ಯೋ, ಇಲ್ಲಕ್ಕ. ರೆಸಿನ್ ಕಲೆಸೋದ್ರಲ್ಲಿ ನಾನೇ ಎಡವಟ್ಟು ಮಾಡ್ಕೊಂಡೆ."

ಅವಳ ಮುಖ ಸಡಿಲವಾಯಿತು. "ಚಿಕ್ಕವನಿದ್ದಾಗ್ಲೂ ನೀನು ಹೀಗೇ. ಎಲ್ಲಾದಕ್ಕೂ ಅವಸರ," ಎಂದು ಬೈದಳು.

ಇನ್ನೂ ನಾಲ್ಕು ಮಾತು ಬೈಯಲಿ ಎಂದು ಕಾದು ಕುಳಿತೆ. ಅವಳಲ್ಲಿ ಅಷ್ಟು ಉಸಿರು ಉಳಿದಿರಲಿಲ್ಲ.