ನೂರೆಪ್ಪತ್ತೈದನೆಯ ಸಾಲು

ನಮ್ಮ ವಿಶ್ವಕೋಶದ ಕಚೇರಿ ಇದ್ದದ್ದು ಟೈರ್ ಅಂಗಡಿಯ ಮೇಲೆ, ಮೂರು ಕೋಣೆಗಳಲ್ಲಿ. ಕೆಳಗೆ ಅವರು ಚಕ್ರಕ್ಕೆ ಗಾಳಿ ತುಂಬುತ್ತಿದ್ದರು, ಮೇಲೆ ನಾವು ಪುಟಕ್ಕೆ ಜ್ಞಾನ ತುಂಬುತ್ತಿದ್ದೆವು. ಗಿರಾಕಿಗಳು ಕೆಳಗೇ ಹೆಚ್ಚು. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿರಲಿಲ್ಲ. ಯಾರು ಯಾವ ವಿಷಯ ನೋಡಿಕೊಳ್ಳುತ್ತಾರೋ ಅದೇ ಅವರ ಹೆಸರು. ಇತಿಹಾಸಕ್ಕೆ ನೆಗಡಿಯಾಗಿದೆ, ವಿಜ್ಞಾನ ಊಟದ ಡಬ್ಬಿ ಮರೆತು ಬಂದಿದೆ ಎಂದೆಲ್ಲ ನಾವು ಸಹಜವಾಗಿ ಮಾತಾಡಿಕೊಳ್ಳುತ್ತಿದ್ದೆವು. ಯಾವ ವಿಷಯಕ್ಕೂ ಸೇರದ್ದು ನನ್ನ ಪಾಲಿಗೆ ಬರುತ್ತಿದ್ದುದರಿಂದ ನಾನು ಇತರೆ. ಎಂ.ಎ.ಯಲ್ಲಿ ಮೊದಲ ದರ್ಜೆ ಬಂದಾಗ ನಮ್ಮ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಸೊಸೆ ಕೊನೆಗೆ ಇತರೆ ಆದಳೆಂದು ಅವರಿಗೆ ನಾನು ಹೇಳಲೇ ಇಲ್ಲ.

ಪ್ರಧಾನ ಸಂಪಾದಕರೊಬ್ಬರಿಗೆ ಮಾತ್ರ ವಿಷಯವಿರಲಿಲ್ಲ. ಅವರು ಮಾತಾಡಿದ ಮೇಲೆ ಯಾರೂ ಮಾತು ಮುಂದುವರಿಸುವ ಹಾಗಿರಲಿಲ್ಲವಾದ್ದರಿಂದ ಬೆನ್ನ ಹಿಂದೆ ಅವರನ್ನು ಪೂರ್ಣವಿರಾಮ ಎನ್ನುತ್ತಿದ್ದೆವು. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ, ಒಂದು ನಗರದ ಬಗ್ಗೆ ಹೇಗೆ ಬರೆಯಬೇಕೆಂಬ ಚೌಕಟ್ಟು ದಪ್ಪಕ್ಷರದಲ್ಲಿ ಅಂಟಿಸಿತ್ತು. ಸ್ಥಾನದಿಂದ ಶುರುವಾಗಿ ವಾಯುಗುಣ, ಇತಿಹಾಸ, ಆಡಳಿತ, ಜನಜೀವನ, ಸಾರಿಗೆ ಎಂದು ಇಳಿದು ಪ್ರೇಕ್ಷಣೀಯ ಸ್ಥಳಗಳಲ್ಲಿ ಮುಗಿಯಬೇಕು. ಆ ಚೌಕಟ್ಟಿನಿಂದಾಗಿ ನಮ್ಮ ಒಂಬತ್ತು ಸಂಪುಟಗಳಲ್ಲಿ ಲೋಕದ ಊರುಗಳೆಲ್ಲ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ಎಲ್ಲ ಊರಿನದೂ ಹಿತಕರವಾದ ಹವೆ. ಎಲ್ಲ ಊರಿನಲ್ಲೂ ಉದ್ಯಾನವೊಂದು ನಾಗರಿಕರ ಮನಸೆಳೆಯುತ್ತದೆ.

ಊರುಗಳನ್ನು ಬರೆಯುತ್ತಿದ್ದವರು ಭೂಗೋಳ. ಅರವತ್ತಕ್ಕೆ ಒಂದೆರಡು ವರ್ಷ ಕಮ್ಮಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರ ಪೆನ್ಸಿಲನ್ನೂ ಕೆತ್ತಿಡುತ್ತಿದ್ದರು. ಕೇಳಿದರೆ, ತಮ್ಮದನ್ನು ಕೆತ್ತುವಾಗ ಕೈ ನಿಲ್ಲಲಿಲ್ಲ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವರು ಬರೆದ ನದಿ, ಬೆಟ್ಟ, ಪಟ್ಟಣಗಳಿಗೆ ಲೆಕ್ಕವಿಲ್ಲ. ಒಂದರ ಕೆಳಗೂ ಅವರ ಹೆಸರಿಲ್ಲ. ಮೂರು ಅಂಕಣ ದಾಟಿದ ಲೇಖನಕ್ಕೆ ಮಾತ್ರ ಲೇಖಕರ ಹೆಸರು ಹಾಕುವುದು ನಮ್ಮ ನಿಯಮ. ಇತಿಹಾಸಕ್ಕೆ ಸಾಮ್ರಾಜ್ಯಗಳು ಸಿಗುತ್ತಿದ್ದವು, ವಿಜ್ಞಾನಕ್ಕೆ ಬೆಳಕು, ಶಾಖ, ಶಬ್ದ. ಅವರ ಹೆಸರುಗಳು ಸಂಪುಟಕ್ಕೆ ಹತ್ತು ಸಲ ಬರುತ್ತಿದ್ದವು. ಭೂಗೋಳಕ್ಕೆ ಬಂದ ನದಿಗಳು ಎಷ್ಟು ಉದ್ದ ಹರಿದರೂ ಎರಡನೆಯ ಅಂಕಣದಲ್ಲೇ ಸಮುದ್ರ ಸೇರಿಬಿಡುತ್ತಿದ್ದವು.

ಅವರ ಮನೆಯಲ್ಲಿ ಸಂಪುಟಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರಂತೆ. ನೆಂಟರು ಬಂದಾಗ ಅವರ ಹೆಂಡತಿ, ಇದೆಲ್ಲ ನಮ್ಮವರು ಬರೆದದ್ದು ಎಂದು ತೋರಿಸುವರು. ನೆಂಟರು ಎಲ್ಲಿ, ತೋರಿಸಿ ಎಂದರೆ ತಬ್ಬಿಬ್ಬಾಗುವರು. ಹೆಂಡತಿಯ ತಮ್ಮನಿಗೆ ನೀರೆತ್ತುವ ಪಂಪಿನ ಅಂಗಡಿ. ಪ್ರತಿ ಪಂಪಿನ ಮೇಲೂ ಅವನ ಹೆಸರಿನ ತಗಡು. ಒಮ್ಮೆ ಊಟಕ್ಕೆ ಕೂತಾಗ ಅವನು, "ಭಾವ, ನನ್ನ ಹೆಸರು ಊರಿನ ಅರ್ಧ ಬಾವಿಯೊಳಗಿದೆ. ನಿಮ್ಮದು ನಿಮ್ಮ ಮನೆ ಬಾಗಿಲ ಮೇಲೂ ಇಲ್ಲವಲ್ಲ," ಎಂದನಂತೆ. ಭೂಗೋಳ ಇದನ್ನು ನನಗೆ ನಗುತ್ತಲೇ ಹೇಳಿದರು. ಆದರೆ ಹೇಳುವಾಗ ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಕೆತ್ತುತ್ತಿದ್ದರು.

ಅವರಿಗೆ ಉಳಿದಿದ್ದ ಆಸೆ ಒಂದೇ, ನಮ್ಮೂರಿನ ಲೇಖನ. ನಮ್ಮೂರಿನ ಹೆಸರು ಶುರುವಾಗುವುದು ವರ್ಣಮಾಲೆಯ ಬಾಲದ ಅಕ್ಷರದಿಂದ. ಆ ಅಕ್ಷರ ಹತ್ತನೆಯ ಸಂಪುಟದಲ್ಲಿ, ಅಂದರೆ ಕೊನೆಯದರಲ್ಲಿ ಬರುವುದಿತ್ತು. ಇಷ್ಟು ದೊಡ್ಡ ಊರಿಗೆ ಮೂರು ಅಂಕಣಕ್ಕಿಂತ ಕಮ್ಮಿ ಕೊಡಲಾರರು ಎಂದು ಅವರು ನಂಬಿದ್ದರು. ನಾವೂ ನಂಬಿದ್ದೆವು.

ಪೂರ್ಣವಿರಾಮದವರು ಎರಡೂವರೆ ಕೊಟ್ಟರು.

ನಾವಿರುವ ಊರೆಂದು ಹೆಚ್ಚು ಜಾಗ ಕೊಟ್ಟರೆ ಓದುಗರು ಏನೆಂದಾರು ಎಂಬುದು ಅವರ ವಾದ. ಅವರ ದೃಷ್ಟಿಯಲ್ಲಿ ಅದು ವಿನಯ. ತಮ್ಮ ಮನೆಯ ಮದುವೆಯಲ್ಲಿ ತಾವೇ ಕೊನೆಯ ಪಂಕ್ತಿಯಲ್ಲಿ ಕೂರುವ ಪೈಕಿ ಅವರು. ಭೂಗೋಳ ಆಯಿತು ಸರ್ ಎಂದು ತಮ್ಮ ಕುರ್ಚಿಗೆ ವಾಪಸು ಬಂದರು. ಆ ದಿನ ಯಾರೂ ಅವರ ಮುಖ ನೋಡಲಿಲ್ಲ. ಇತಿಹಾಸ ಸುಮ್ಮನೆ ಎದ್ದು ಹೋಗಿ ತಮ್ಮ ಪಾಲಿನ ಚಹಾವನ್ನು ಅವರ ಮೇಜಿನ ಮೇಲಿಟ್ಟು ಬಂದರು. ಆಮೇಲೆ ತಮಗೆ ಚಹಾ ಬಂದೇ ಇಲ್ಲವೆಂದು ತಂದವನ ಹತ್ತಿರ ಜಗಳವಾಡಿ ಇನ್ನೊಂದು ಲೋಟ ತರಿಸಿಕೊಂಡರು.

ನನಗೆ ಕಾರ್ಡುಗಳ ನೆನಪಾದದ್ದು ಎರಡು ದಿನದ ಮೇಲೆ.

ನಮ್ಮಲ್ಲಿ ಒಂದು ಕೆಟ್ಟ ಚಾಳಿ ಇತ್ತು. ಬರೆಯುತ್ತ ಬರೆಯುತ್ತ ಏನಾದರೂ ತೊಡಕು ಬಂದರೆ, ಅಥವಾ ಊಟದ ಹೊತ್ತಾದರೆ, 'ಹೆಚ್ಚಿನ ವಿವರಗಳಿಗೆ ನೋಡಿ' ಎಂದು ಹಾಕಿ ಮುಂದಿನ ಅಕ್ಷರದ ಯಾವುದಾದರೂ ಲೇಖನದ ಹೆಸರು ಬರೆದುಬಿಡುವುದು. ಮುಂದಿನ ಅಕ್ಷರ ಬರುವುದು ಎರಡು ವರ್ಷಕ್ಕೆ. ಅಷ್ಟರಲ್ಲಿ ಯಾರಿರುತ್ತಾರೋ ಯಾರಿಲ್ಲವೋ. ಹೀಗೆ ಅಚ್ಚಾದ ಪ್ರತಿ ಮಾತಿಗೂ ಒಂದು ಕಾರ್ಡು ಬರೆದು ಚಪ್ಪಲಿ ಅಂಗಡಿಯ ಖಾಲಿ ಡಬ್ಬಿಗಳಲ್ಲಿ ಜೋಡಿಸಿಡುವುದು ಇತರೆಯ ಕೆಲಸ. ನಮ್ಮೂರಿನ ಡಬ್ಬಿ ತೆಗೆದು ನೋಡಿದೆ. ತೊಡಕುಗಳನ್ನು ದೂಡಲು ವರ್ಣಮಾಲೆಯ ಕೊನೆಯ ಅಕ್ಷರಕ್ಕಿಂತ ದೂರದ ಜಾಗ ಬೇರೆ ಇಲ್ಲವಲ್ಲ, ಎಲ್ಲರೂ ಅಲ್ಲಿಗೇ ದೂಡಿದ್ದರು. ನಲವತ್ತೊಂದು ಕಾರ್ಡು.

ಕತ್ತೆ: ಇಂದಿನ ನಗರಗಳಲ್ಲಿ ಇದರ ಬಳಕೆಗೆ ನಮ್ಮೂರನ್ನು ನೋಡಬೇಕು. ಗಡಿಯಾರ: ನಾಲ್ಕು ಮುಖದ ಗೋಪುರ ಗಡಿಯಾರಕ್ಕೆ ನಮ್ಮೂರನ್ನು ನೋಡಬೇಕು. ಗೊರಕೆ: ಈ ಕುರಿತ ಸಮೀಕ್ಷೆಗೆ ನಮ್ಮೂರನ್ನು ನೋಡಬೇಕು. ಕೊಡೆ ದೊಂಬಿ: ಕಾರಣಗಳಿಗೆ ನಮ್ಮೂರನ್ನು ನೋಡಬೇಕು. ಚರಂಡಿ, ಪ್ರತಿಧ್ವನಿ, ಬೆಕ್ಕು, ಬಾಗಿದ ಕಂಬ, ಎಲ್ಲಕ್ಕೂ ನಮ್ಮೂರೇ ಗತಿ.

ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಪೂರ್ಣವಿರಾಮದವರ ಕೋಣೆಗೆ ಹೋದೆ. ನಲವತ್ತೊಂದನ್ನೂ ಅವರು ಒಂದೊಂದಾಗಿ ಓದಿದರು. ಕೆಲವು 'ನೋಡಿ'ಗಳನ್ನು ಹಾಕಿದವರು ಅವರೇ. ಬೆಕ್ಕಿನ ಕಾರ್ಡು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಇದೆಲ್ಲ ಅಚ್ಚಾಗಿ ಹೋಗಿದೆಯೇನಮ್ಮ?"

"ಹೌದು ಸರ್. ಓದಿದವರು ಹತ್ತನೇ ಸಂಪುಟಕ್ಕೆ ಕಾಯ್ತಾ ಇರ್ತಾರೆ."

ಕತ್ತೆಯ ವಿವರಕ್ಕೆ ಹದಿನೇಳು ವರ್ಷದಿಂದ ಯಾರೂ ಕಾಯುತ್ತಿರಲಾರರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಅಚ್ಚಿನಲ್ಲಿ ಮಾತು ಕೊಟ್ಟು ತಪ್ಪುವುದು ಅವರ ಜಾಯಮಾನವಲ್ಲ. ಎಲ್ಲವನ್ನೂ ಸೇರಿಸಿ, ಆದರೆ ಒಂದೊಂದಕ್ಕೆ ಒಂದೇ ವಾಕ್ಯ, ಅದೂ ಚೌಕಟ್ಟಿನ ಒಳಗೇ ಎಂದರು. ಅಂಕಣದ ಬಗ್ಗೆ ನಾನು ಚಕಾರ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಆಮೇಲಿನ ಮೂರು ವಾರ ಭೂಗೋಳ ಮತ್ತು ನಾನು ನಮ್ಮೂರನ್ನು ಅಲೆದ ಹಾಗೆ ಯಾವ ಪ್ರವಾಸಿಯೂ ಅಲೆದಿರಲಾರ. ಮೊದಲು ಹೋದದ್ದು ಇತಿಹಾಸದ ಮೇಜಿಗೆ. ಕೊಡೆ ದೊಂಬಿ ಯಾಕಾಯಿತು ಎಂದು ಕೇಳಿದೆವು.

"ಆಯ್ತು ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಹತ್ತನೇ ಸಂಪುಟದ ಹೊತ್ತಿಗೆ ಯಾರಾದರೂ ಕಂಡುಹಿಡೀತಾರೆ ಅಂದ್ಕೊಂಡಿದ್ದೆ."

"ಯಾರಯ್ಯಾ?" ಎಂದರು ಭೂಗೋಳ.

"ಯಾರಾದರೂ. ನೀನೇ ಅನ್ನು."

ಕತ್ತೆಗಾಗಿ ನಗರಸಭೆಗೆ ಹೋದೆವು. ಅಲ್ಲಿನ ಗುಮಾಸ್ತರು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಮೂರು ಕಪಾಟು ಹುಡುಕಿಸಿದರು. ಕಸ ಹೊರುತ್ತಿದ್ದ ಕೊನೆಯ ಕತ್ತೆ ಆರು ವರ್ಷದ ಹಿಂದೆಯೇ ಸತ್ತಿತ್ತು. ಅದರ ಜಾಗ ಮಾತ್ರ ಕಡತದಲ್ಲಿ ಇನ್ನೂ ಖಾಲಿಯೆಂದೇ ಇತ್ತು. ಭರ್ತಿ ಮಾಡುವ ಬಗ್ಗೆ ಪತ್ರ ವ್ಯವಹಾರ ನಡೆಯುತ್ತಿದೆ ಎಂದರು. ಭೂಗೋಳ ಬರೆದುಕೊಂಡರು: 'ನಗರದಲ್ಲಿ ಕತ್ತೆಗಳ ಬಳಕೆ ಸದ್ಯಕ್ಕೆ ನಿಂತಿದೆ.' ಚೌಕಟ್ಟಿನ ಪ್ರಕಾರ ಅದು ಆಡಳಿತದ ಕೆಳಗೆ ಹೋಯಿತು.

ಗೋಪುರದ ಗಡಿಯಾರದ ನಾಲ್ಕು ಮುಖಗಳೂ ನಾಲ್ಕು ಹೊತ್ತು ತೋರಿಸುತ್ತಿದ್ದವು. ಕೆಳಗೆ ಕೈಗಡಿಯಾರ ರಿಪೇರಿ ಮಾಡುವವರನ್ನು ಯಾವುದು ಸರಿಯೆಂದು ಕೇಳಿದೆ. ನೀವು ಯಾವ ಬೀದಿಯಿಂದ ಬಂದಿರಿ ಎಂದು ತಿರುಗಿ ಕೇಳಿದರು. ಉತ್ತರದ ಬೀದಿಯವರು ಉತ್ತರದ ಮುಖ ನೋಡಿ ಅಂಗಡಿ ತೆರೆಯುತ್ತಾರೆ, ದಕ್ಷಿಣದವರು ದಕ್ಷಿಣದ ಮುಖ ನೋಡಿ ಮುಚ್ಚುತ್ತಾರೆ, ಯಾರಿಗೂ ತೊಂದರೆಯಾಗಿಲ್ಲ ಎಂದರು. ಹೊರಡುವಾಗ ನನ್ನ ಕೈಗಡಿಯಾರದ ಸಡಿಲವಾದ ತಿರುಪನ್ನು ಕೇಳದೆಯೇ ಬಿಗಿಮಾಡಿ ಕೊಟ್ಟರು. ವಿಶ್ವಕೋಶಕ್ಕೆ ಇಷ್ಟೆಲ್ಲ ಹಿಡಿಸುವುದಿಲ್ಲ. 'ಗೋಪುರದ ಗಡಿಯಾರಕ್ಕೆ ನಾಲ್ಕು ಮುಖಗಳಿವೆ' ಎಂದು ಬರೆದೆವು.

ಗೊರಕೆಯ ಸಮೀಕ್ಷೆ ಮಾಡಿದ್ದ ವೈದ್ಯರು ವರ್ಗವಾಗಿ ಹೋಗಿದ್ದರು. ಆಸ್ಪತ್ರೆಯ ದಾದಿಯೊಬ್ಬರು ನೆನಪಿನಿಂದಲೇ, ಹತ್ತು ಗಂಡಸರಲ್ಲಿ ನಾಲ್ವರು, ಹತ್ತು ಹೆಂಗಸರಲ್ಲಿ ಮೂವರು ಒಪ್ಪಿಕೊಂಡರು ಎಂದರು. ಇದು ಜನಜೀವನಕ್ಕೆ ಸೇರಿತು. ಕೊಡೆ ದೊಂಬಿಯ ಕಾರಣ ಕೊನೆಗೂ ಸಿಗಲಿಲ್ಲ. 'ಕಾರಣಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ' ಎಂದು ಹಾಕಿದೆವು. ಆ ವಿದ್ವಾಂಸರು ಮೂವರೇ: ಇತಿಹಾಸ, ಭೂಗೋಳ ಮತ್ತು ನಾನು.

ಲೇಖನ ಮುಗಿದಾಗ ನನಗೆ ನಿಜವಾಗಿ ಆಶ್ಚರ್ಯವಾಯಿತು. ನಲವತ್ತೊಂದು ಪುಡಿ ವಿಷಯಗಳನ್ನು ಭೂಗೋಳ ಎಲ್ಲೂ ಕಲ್ಲು ಸಿಗದ ಅಕ್ಕಿಯ ಹಾಗೆ ಮಾಡಿದ್ದರು. ಚರಂಡಿಯಿಂದ ನದಿಗೆ, ನದಿಯಿಂದ ಸೇತುವೆಗೆ, ಸೇತುವೆಯ ಕೆಳಗಿನ ಪ್ರತಿಧ್ವನಿಗೆ ಎಷ್ಟು ಸಲೀಸಾಗಿ ಹೋಗಿದ್ದರೆಂದರೆ, ಊರನ್ನು ಕಟ್ಟಿದವರೇ ಆ ಕ್ರಮದಲ್ಲಿ ಕಟ್ಟಿದರೇನೋ ಅನ್ನಿಸುತ್ತಿತ್ತು.

ಕರಡಚ್ಚು ಬಂತು. ನಮ್ಮ ಅಂಕಣಕ್ಕೆ ಐವತ್ತೆಂಟು ಸಾಲು. ಮೂರು ಅಂಕಣಕ್ಕೆ ನೂರೆಪ್ಪತ್ತನಾಲ್ಕು. ದಾಟಬೇಕೆಂದರೆ ನೂರೆಪ್ಪತ್ತೈದು ಬೇಕು. ನಾನು ಎಣಿಸಿದೆ, ವಿಜ್ಞಾನ ಎಣಿಸಿದರು, ಇತಿಹಾಸ ಸ್ಕೇಲಿಟ್ಟು ಎಣಿಸಿದರು. ನೂರೆಪ್ಪತ್ತನಾಲ್ಕು. ಕೊನೆಯ ಸಾಲೂ ಅಂಚಿನವರೆಗೆ ಭರ್ತಿ.

ಇತಿಹಾಸ ತಕ್ಷಣ, ಉದ್ಯಾನಕ್ಕೆ 'ರಮಣೀಯ' ಅಂತ ಸೇರಿಸಿಬಿಡು, ಸಾಲು ತಾನೇ ಹಾರುತ್ತದೆ ಎಂದರು. ಭೂಗೋಳ ಒಪ್ಪಲಿಲ್ಲ. ಅಲ್ಲಿ ಎರಡು ಬೆಂಚು ಮತ್ತು ಒಂದು ಮುರಿದ ಜಾರುಬಂಡೆ ಇದೆ, ಹೆಸರಿಗೋಸ್ಕರ ಅದನ್ನು ರಮಣೀಯ ಅನ್ನಲಾರೆ ಎಂದರು. ತಾವೇ ಕರಡನ್ನು ಒಯ್ದು ಪೂರ್ಣವಿರಾಮದವರ ಮೇಜಿನ ಮೇಲಿಟ್ಟು ಬಂದು, ಕೂತು, ಕಿಟಕಿಯ ಕಡೆ ನೋಡತೊಡಗಿದರು.

ಪೂರ್ಣವಿರಾಮದವರ ಕೆಂಪು ಪೆನ್ಸಿಲು ತೆಗೆಯುವುದಕ್ಕೇ ಇದ್ದದ್ದು. ಅದು ಸೇರಿಸಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲು ತೆರೆದಿತ್ತು, ನನ್ನ ಮೇಜಿನಿಂದ ಕಾಣುತ್ತಿತ್ತು. ಅವರು ಮೊದಲಿನಿಂದ ಕೊನೆಯವರೆಗೆ ಓದಿದರು. ಪೆನ್ಸಿಲಿನ ತುದಿಯನ್ನು ಪ್ರತಿ ಸಾಲಿನ ಪಕ್ಕ ಇಡುತ್ತ ಇನ್ನೊಮ್ಮೆ ಇಳಿದುಬಂದರು. ಅವರೂ ಎಣಿಸುತ್ತಿದ್ದಾರೆಂದು ಆಗ ಹೊಳೆಯಿತು. ಸಾರಿಗೆಯ ಭಾಗಕ್ಕೆ ಬಂದು, ಬಸ್ಸಿನ ವಾಕ್ಯ ಮುಗಿದು ರೈಲಿನ ವಾಕ್ಯ ಶುರುವಾಗುವ ಕಡೆ, ಹೊಸ ಪ್ಯಾರಾದ ಗುರುತು ಹಾಕಿದರು.

ಹೊರಗೆ ಬಂದು ಕರಡನ್ನು ನನ್ನ ಕೈಗೆ ಕೊಟ್ಟರು.

"ಬಸ್ಸೂ ರೈಲೂ ಒಂದೇ ಪ್ಯಾರಾದಲ್ಲಿ ಇರಬಾರದು," ಎಂದರು. "ಓದೋರಿಗೆ ಗೊಂದಲ ಆಗುತ್ತೆ."

ಒಂಬತ್ತು ಸಂಪುಟಗಳ ಅಷ್ಟೂ ಊರುಗಳಲ್ಲಿ ಬಸ್ಸು ರೈಲು ಒಂದೇ ಪ್ಯಾರಾದಲ್ಲಿ ಜೋಡಿಯಾಗಿ ಓಡಿದ್ದವು. ಯಾವ ಓದುಗನೂ ಗೊಂದಲಗೊಂಡು ಪತ್ರ ಬರೆದಿರಲಿಲ್ಲ. ಒಂದು ಸಾಲು ಕೆಳಗಿಳಿದು ನಾಲ್ಕನೆಯ ಅಂಕಣಕ್ಕೆ ಕಾಲಿಟ್ಟಿತು. ಇತಿಹಾಸ ಬಾಯಿ ತೆರೆದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

ಅಚ್ಚುಕೂಟದಿಂದ ಮೊಳೆ ಜೋಡಿಸುವವರು ಕೇಳಿ ಕಳಿಸಿದರು, ಲೇಖನದ ಕೆಳಗೆ ಇದ್ಯಾರ ಹೆಸರು, ಹೊಸಬರು ಸೇರಿದ್ದಾರಾ ಎಂದು. ಹತ್ತೊಂಬತ್ತು ವರ್ಷ ಭೂಗೋಳದ ಅಕ್ಷರ ಜೋಡಿಸಿದವರು ಅವರೇ.

ಸಂಪುಟ ಬಂದ ಶನಿವಾರ ಭೂಗೋಳ ತಮ್ಮ ಪ್ರತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಸೋಮವಾರ ಮೊದಲ ಬಾರಿಗೆ ತಡವಾಗಿ ಬಂದರು, ಹನ್ನೊಂದಕ್ಕೆ. ಪೆನ್ಸಿಲುಗಳು ಮೊಂಡಾಗಿಯೇ ಇದ್ದವು. ಮುಖ ಕೆಂಪಾಗಿತ್ತು. ಏನಾಯಿತೋ ಎಂದು ನನಗೆ ಗಾಬರಿಯಾಯಿತು.

"ಮೂರು ಜನ ಬಯ್ದರು ಕಣಮ್ಮಾ," ಎಂದರು ಕೂರುವುದಕ್ಕೂ ಮೊದಲು.

ಮೊದಲು ಬಯ್ದದ್ದು ಹೆಂಡತಿ. ಹೆಸರನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಈಗ ಲೇಖನ ಓದಿ ಎಂದರಂತೆ. 'ನಗರಕ್ಕೆ ನೀರಿನ ಪೂರೈಕೆ ಸಮರ್ಪಕವಾಗಿದೆ' ಎಂಬಲ್ಲಿಗೆ ಬಂದಾಗ, ನಿಲ್ಲಿಸಿ, ಯಾವ ನಗರಕ್ಕೆ ಎಂದು ಕೇಳಿದರಂತೆ. ಆಮೇಲೆ ಭಾವಮೈದುನ. ನೀರು ಸಮರ್ಪಕವಾಗಿದ್ದರೆ ನನ್ನ ಪಂಪು ಯಾರು ಕೊಳ್ಳುತ್ತಾರೆ ಭಾವ, ನನ್ನ ಹೊಟ್ಟೆಯ ಮೇಲೆ ಹೊಡೆಯಲು ಹತ್ತೊಂಬತ್ತು ವರ್ಷ ಬರೆದಿರಾ ಎಂದು ಹಾರಾಡಿದನಂತೆ. ಅಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಮಹಡಿಯ ಮೇಲಿನ ಅಜ್ಜಿ ಖಾಲಿ ಬಕೆಟ್ ಹಿಡಿದು ಬಾಗಿಲಿಗೇ ಬಂದು ನಿಂತರಂತೆ. ನಿಮ್ಮ ಹೆಸರು ಹಾಕಿದ್ದೀರಲ್ಲ, ಎಲ್ಲಿ, ತುಂಬಿಸಿಕೊಡಿ ಎಂದು.

"ತುಂಬಿಸಿಕೊಟ್ಟಿರಾ?"

"ಎರಡು ಬೀದಿ ಆಚೆ ಹೋಗಿ ತಂದುಕೊಟ್ಟೆ. ಅದಕ್ಕೇ ತಡ ಆಯ್ತು," ಎಂದರು. ಅವರ ಅಂಗಿಯ ಒಂದು ಪಕ್ಕ ಇನ್ನೂ ಒದ್ದೆಯಾಗಿತ್ತು. "ಇಷ್ಟು ವರ್ಷ ಏನು ಬರೆದರೂ ಒಬ್ಬರೂ ಬಯ್ದಿರಲಿಲ್ಲ."

ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ. ಒಂದು ಖಾಲಿ ಕಾರ್ಡು ಕೊಡಿ ಎಂದು ಕೇಳಿದರು. ಮುಂದಿನ ಮುದ್ರಣಕ್ಕೆ ತಿದ್ದುಪಡಿ ಬರೆದಿಡುತ್ತೇನೆ ಎಂದರು. ಕೊಟ್ಟೆ. ನೀರು ವಾರಕ್ಕೆ ಎರಡು ದಿನ, ಅದೂ ಕೆಳಗಿನ ಬೀದಿಗಳಿಗೆ ಮಾತ್ರ ಎಂದು ನಿಧಾನವಾಗಿ, ದುಂಡಾದ ಅಕ್ಷರದಲ್ಲಿ ಬರೆದರು. ಸ್ವಲ್ಪ ಯೋಚಿಸಿ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದರು. ಕಾರ್ಡಿಗೆ ಹೆಸರು ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾನು ಅದನ್ನು ಹಾಗೇ ತೆಗೆದುಕೊಂಡು ಡಬ್ಬಿಗೆ ಹಾಕಿದೆ.