ಅಣ್ಣನ ಸ್ಕ್ರೂಗೆ ಸಮಾನ

ನಮ್ಮ ಮಾವನವರು ಸ್ಕ್ರೂ ತಯಾರಿಸುತ್ತಾರೆ. ಬಾಗಿಲಿಗೆ, ಕುರ್ಚಿಗೆ ಹಾಕುವಂಥದ್ದಲ್ಲ, ಬೆನ್ನಿಗೆ ಹಾಕುವಂಥದ್ದು. ಬೆನ್ನುಮೂಳೆ ಜರುಗಿ, ನರ ಒತ್ತಿಕೊಂಡು, ನಡೆಯಲಾರದೆ ಕೂತವರಿಗೆ ಡಾಕ್ಟರು ಎರಡು ಮೂಳೆಗಳನ್ನು ಬೆಸೆದು ಒಂದು ಮಾಡುತ್ತಾರಲ್ಲ, ಆ ಮೂಳೆಗಳು ಕೂಡಿಕೊಳ್ಳುವವರೆಗೆ ಅಲುಗಾಡದಂತೆ ಹಿಡಿದಿಡುವ ಟೈಟೇನಿಯಂ ಸ್ಕ್ರೂ ಅದು. ಉದ್ದ ಕಿರುಬೆರಳಿನಷ್ಟು. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುವ ಹಾಗೆ ತಮ್ಮ ಸ್ವಂತ ಮಗನನ್ನು, ಅಂದರೆ ನನ್ನ ಗಂಡನನ್ನು, ಒಂದು ದಿನವೂ ನೋಡಿದ್ದಿಲ್ಲ. ಗಂಡನಿಗೆ ಅದರ ಬೇಸರವೂ ಇಲ್ಲ, ಏಕೆಂದರೆ ಸ್ಕ್ರೂವನ್ನು ನೋಡಿ ಮುಗಿದ ಮೇಲೆ ಮಾವ ಅದನ್ನು ಬೈಯಲು ಶುರು ಮಾಡುತ್ತಾರೆ.

ಈ ಸ್ಕ್ರೂ ಯಾರದಾದರೂ ಬೆನ್ನು ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ಅನುಮತಿ ತರುವ ಕೆಲಸ ನನ್ನದು. ಮದುವೆಗೆ ಮುಂಚೆಯೂ ಬೇರೆಯವರ ಹತ್ತಿರ ಇದೇ ಕೆಲಸ ಮಾಡುತ್ತಿದ್ದೆ, ಹಾಗಾಗಿ ಹೆಣ್ಣು ನೋಡಲು ಬಂದ ದಿನ ಮಾವ ನನ್ನನ್ನು ಕೇಳಿದ ಪ್ರಶ್ನೆಗಳೆಲ್ಲ ಲೋಹ ಎಷ್ಟು ಸಲ ಒತ್ತಿದರೆ ದಣಿದು ಮುರಿಯುತ್ತದೆಂದು ನೋಡುವ ಆಯಾಸ ಪರೀಕ್ಷೆಯ ಬಗ್ಗೆ ಇದ್ದವು.

ಅನುಮತಿಗೆ ಎರಡು ದಾರಿ ಇವೆ. ಇಂಥ ವಸ್ತು ಜಗತ್ತಿನಲ್ಲೇ ಇಲ್ಲ ಎಂದು ಹೇಳಿಕೊಂಡರೆ ರೋಗಿಗಳ ಮೇಲೆ ಪ್ರಯೋಗ ಮಾಡಿ ತೋರಿಸಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ನಮ್ಮಂಥ ಸಣ್ಣ ಕಾರ್ಖಾನೆ ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಇನ್ನೊಂದು ದಾರಿ ಸಲೀಸು. ಈಗಾಗಲೇ ಅನುಮತಿ ಸಿಕ್ಕಿರುವ ಒಂದು ಸ್ಕ್ರೂವನ್ನು ತೋರಿಸಿ, ನಮ್ಮದೂ ಇದಕ್ಕೆ ಸಮಾನ, ಹೊಸದೇನೂ ಇಲ್ಲ ಸ್ವಾಮಿ ಎಂದು ಸಾಬೀತು ಮಾಡಿ, ಮಾಲೀಕರು ಸಹಿ ಹಾಕಿ ಕೊಟ್ಟರೆ ಆಯಿತು. ನಾನು ಒಂದು ವಾರ ಕೂತು ಹುಡುಕಿದೆ. ಅಳತೆ, ಲೋಹ, ತಿರುಪಿನ ಎಳೆಗಳ ಓರೆ, ಸ್ಕ್ರೂವಿನ ತಲೆ ತಿರುಗುವ ಕೋನ, ಎಲ್ಲವೂ ನಮ್ಮದಕ್ಕೆ ಹೊಂದುವ ಸ್ಕ್ರೂ ಇಡೀ ಮಾರುಕಟ್ಟೆಯಲ್ಲಿ ಒಂದೇ ಒಂದಿತ್ತು. ಅದನ್ನು ತಯಾರಿಸುವವರು ಮಾವನ ಅಣ್ಣ.

ಇಲ್ಲಿ ನಮ್ಮ ಮನೆತನದ ಮಹಾಯುದ್ಧದ ಬಗ್ಗೆ ಹೇಳಬೇಕು. ಅಣ್ಣತಮ್ಮ ಇಬ್ಬರೂ ಒಂದೇ ಲೇತಿನ ಮುಂದೆ, ಅವರ ಅಪ್ಪನ ಕೈಕೆಳಗೆ ಕೆಲಸ ಕಲಿತವರು. ಸ್ಕ್ರೂಗಳ ದಪ್ಪ ಥಟ್ಟನೆ ಗೊತ್ತಾಗಲಿ ಎಂದು ಒಂದೊಂದು ಅಳತೆಗೆ ಒಂದೊಂದು ಬಣ್ಣ ಕೊಡುವುದು ಈ ಕಸುಬಿನ ರೂಢಿ. ಮಧ್ಯಮ ಅಳತೆಗೆ ನೇರಳೆ ಎಂದರು ದೊಡ್ಡ ಮಾವ. ಹಸಿರು ಎಂದರು ನಮ್ಮ ಮಾವ. ಮಾತಿಗೆ ಮಾತು ಬೆಳೆಯಿತು. ಹಸಿರು ಕಂಡರೆ ಡಾಕ್ಟರಿಗೆ ವಾಂತಿ ಬರುತ್ತದೆ ಎಂದು ಅಣ್ಣ, ನೇರಳೆ ಹೆಂಗಸರ ಉಗುರಿಗೇ ಸರಿ ಎಂದು ತಮ್ಮ. ಅಂದು ಬೇರೆಯಾದ ಕಾರ್ಖಾನೆಗಳು ಇಂದಿಗೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿವೆ, ಮಾತುಕತೆ ಮಾತ್ರ ಇಲ್ಲ. ನನ್ನ ಮದುವೆಯಲ್ಲಿ ದೊಡ್ಡ ಮಾವ ಊಟ ಮಾಡಿ, ಹಾರೈಸಿ, ಫೋಟೋದಲ್ಲಿ ತಮ್ಮನ ಪಕ್ಕದಲ್ಲೇ ನಿಂತು, ಅವರೊಡನೆ ಒಂದು ಮಾತೂ ಆಡದೆ ಹೋದರು. ಬಣ್ಣಕ್ಕೋಸ್ಕರ ಇಷ್ಟೊಂದು ಹಟ ಹಿಡಿಯುವ ಇಬ್ಬರು ಗಂಡಸರನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಿಷಯ ತಿಳಿಸಿದಾಗ ಮಾವನ ಮುಖ ನೋಡಬೇಕಿತ್ತು. ಪೆನ್ನನ್ನು ಮೇಜಿನ ಮೇಲಿಟ್ಟು, ಅದನ್ನು ನನ್ನ ಕಡೆಗೆ ತಳ್ಳಿದರು.

"ಕಾರ್ಖಾನೆ ಮುಚ್ಚಿದ್ರೂ ಸರಿ ಕಣಮ್ಮ, ನಂದು ಅವನದಕ್ಕೆ ಸಮ ಅಂತ ನಾನು ಬರ್ಕೊಡಲ್ಲ."

ಕಾರ್ಖಾನೆ ನಿಜಕ್ಕೂ ಮುಚ್ಚುವ ಹಾಗಿತ್ತು, ಅದು ಅವರಿಗೂ ಗೊತ್ತಿತ್ತು. ಸ್ಕ್ರೂಗಾಗಿ ಅವರು ಏಳು ವರ್ಷ ತಲೆ ಕೆಡಿಸಿಕೊಂಡಿದ್ದರು. ಆ ತಿಂಗಳ ಕೊನೆಯೊಳಗೆ ಸಹಿಯಾಗದಿದ್ದರೆ ನಮ್ಮ ಅರ್ಜಿ ಬಿದ್ದುಹೋಗಿ, ಸ್ಕ್ರೂ ಡಬ್ಬಿಯಲ್ಲೇ ಕೂತಿರುತ್ತಿತ್ತು. ಎರಡು ದಿನ ಗುಮ್ಮನ ಹಾಗೆ ಕೂತಿದ್ದು ಮಾವ ಒಂದು ಉಪಾಯ ಹೂಡಿದರು. ಸಮಾನ ಬೇಡ, ಅವನದಕ್ಕಿಂತ ಮೇಲು ಎಂದು ಬರಿ ಎಂದರು. ನಾನು ಇಲಾಖೆಯ ಪರಿಶೀಲಕಿಗೆ ಫೋನ್ ಮಾಡಿ ಕೇಳಿದೆ. ಮೇಲಾದರೆ ಹೇಗೆ ಮೇಲು ಎಂದು ಸಾಬೀತು ಮಾಡಬೇಕಾಗುತ್ತದೆ, ಸುಮ್ಮನೆ ಸಮಾನ ಎನ್ನಿ ಎಂದರು ಆಕೆ. ಮಾರನೆಯ ದಿನ ಮಾವ ಇನ್ನೊಂದು ಹೇಳಿದರು: ನಂದು ಅವನದಕ್ಕೆ ಸಮಾನ ಅನ್ನೋದರ ಬದಲು, ಅವನದೇ ನನ್ನದಕ್ಕೆ ಸಮಾನ ಎಂದು ತಿರುಗಿಸಿ ಬರೆಯಬಹುದಲ್ಲ? ಅದನ್ನೂ ನಾಚಿಕೆ ಬಿಟ್ಟು ಕೇಳಿದೆ. ಪರಿಶೀಲಕಿ, ಮೊದಲು ಬಂದದ್ದಕ್ಕೆ ಆಮೇಲೆ ಬಂದದ್ದನ್ನು ಹೋಲಿಸುವುದು ಪದ್ಧತಿ ಎಂದರು. ಹುಟ್ಟಿದ್ದೂ ಅವನೇ ಮೊದಲು, ಇದರಲ್ಲೂ ಅವನೇ ಮೊದಲಾ ಎಂದು ಮಾವ ಸಂಜೆಯವರೆಗೆ ಗೊಣಗಿದರು.

ಸಹಿಯ ಮಾತು ಹಾಗಿರಲಿ, ಎರಡೂ ಸ್ಕ್ರೂಗಳನ್ನು ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿಸಬೇಕಿತ್ತು. ಅದಕ್ಕೆ ದೊಡ್ಡ ಮಾವನ ಸ್ಕ್ರೂ ಬೇಕು. ತಮ್ಮನ ಕಾರ್ಖಾನೆಗೆ ಒಂದು ಸ್ಕ್ರೂ ಹೋದರೂ ವ್ಯಾಪಾರ ಬಂದ್ ಎಂದು ಅವರು ಅಂಗಡಿಯವರಿಗೆಲ್ಲ ತಾಕೀತು ಮಾಡಿದ್ದರು. ವಿಧಿಯಿಲ್ಲದೆ ರಸ್ತೆ ದಾಟಿ ಅವರ ಆಫೀಸಿಗೇ ಹೋದೆ. ನಾನು ಹೇಳಿದ್ದನ್ನು ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬೇಕಾದಷ್ಟು ಸ್ಕ್ರೂ ಕೊಟ್ಟರು, ನನ್ನ ನೇರಳೆಯನ್ನು ತಮ್ಮನಿಗೋಸ್ಕರ ದಂಡ ಮಾಡಲಾರೆ ಎಂದು ಬಣ್ಣ ಹಾಕದವನ್ನೇ ಕೊಟ್ಟರು. ಹೋಲಿಕೆ ಸರಿಯಾಗಲೆಂದು ನಮ್ಮದರಲ್ಲೂ ಹಸಿರು ಹಾಕದವನ್ನೇ ನಾನು ತೆಗೆದಿಟ್ಟೆ. ಒಂದು ಷರತ್ತು ಹಾಕಿದರು. ಪರೀಕ್ಷೆ ಮುಗಿಯುವವರೆಗೂ ತಾವು ಎದುರಿಗೆ ಕೂತಿರಬೇಕು, ತಮ್ಮನದು ಮುರಿಯುವುದನ್ನು ಕಣ್ಣಾರೆ ನೋಡಬೇಕು.

ಇದನ್ನು ಕೇಳಿದ ಮಾವ ಬಿಡುತ್ತಾರೆಯೇ? ಅವನು ಕೂರುವುದಾದರೆ ನಾನೂ ಕೂರುತ್ತೇನೆ, ಮೊದಲು ಅವನದು ಮುರಿಯಲಿ, ಆಮೇಲೆ ಸಹಿಯ ಮಾತು ಎಂದರು. ಪರೀಕ್ಷೆ ಎಂಥದ್ದೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಮೂಳೆಯ ಬದಲು ಪ್ಲಾಸ್ಟಿಕ್ ದಿಮ್ಮಿಗಳಿಗೆ ಸ್ಕ್ರೂ ಬಿಗಿದು, ನಡುವೆ ಸರಳು ಜೋಡಿಸಿ, ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಅದನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಹೀಗೆ ಐವತ್ತು ಲಕ್ಷ ಸಲ. ಮುಗಿಯಲು ಹೆಚ್ಚುಕಡಿಮೆ ಹನ್ನೆರಡು ದಿನ ಬೇಕು, ನೋಡಲು ಅದರಲ್ಲಿ ಏನೂ ಇಲ್ಲ.

ಲ್ಯಾಬಿನಲ್ಲಿ ಮೊದಲ ಜಗಳ ಜಾಗದ್ದು. ಯಂತ್ರದಲ್ಲಿ ಎರಡು ಕಡೆ ಸ್ಕ್ರೂ ಕೂರಿಸಬಹುದಿತ್ತು, ಇಬ್ಬರಿಗೂ ಬಲಗಡೆಯೇ ಬೇಕು. ನಾನು ಚೀಟಿ ಎತ್ತಿಸಿದೆ. ಬಲ ದೊಡ್ಡ ಮಾವನಿಗೆ ಬಂತು, ಎಡ ನಮಗೆ. ಸದಾ ನಿದ್ದೆಗಣ್ಣಿನಲ್ಲಿರುವ ಲ್ಯಾಬಿನ ಇಂಜಿನಿಯರ್ ಸರಿ ಎಂದು ತಲೆಯಾಡಿಸಿ, ಯಂತ್ರದ ಹಿಂದಕ್ಕೆ ಹೋಗಿ ಸ್ಕ್ರೂಗಳನ್ನು ಬಿಗಿದು ಬಂದರು. ಗಾಜಿನ ಮುಂದೆ ಎರಡು ಸ್ಟೂಲು ಹಾಕಿದ್ದಾಯಿತು, ಯಂತ್ರ ಶುರುವಾಯಿತು.

ಆಮೇಲೆ ನಡೆದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಆಸ್ಪತ್ರೆಗಳಿಗೆ ಬೆನ್ನಿನ ಸಾಮಾನು ಮಾಡಿಕೊಡುವ ಇಬ್ಬರು ಮುದುಕರು ಬೆನ್ನಿಗೆ ಆಸರೆಯಿಲ್ಲದ ಸ್ಟೂಲುಗಳ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತರು. ಒಬ್ಬರು ಎದ್ದರೆ ಇನ್ನೊಬ್ಬರೂ ಏಳಬೇಕು, ಇಲ್ಲದಿದ್ದರೆ ಒಳಗೆ ಕೈಚಳಕ ನಡೆದೀತೆಂಬ ಗುಮಾನಿ. ಬಾತ್‌ರೂಮಿಗೂ ಜೋಡಿಯಾಗಿಯೇ ಹೋಗುತ್ತಿದ್ದರು. ಮಾತು ನನ್ನ ಮೂಲಕ. ಮೊಳದಷ್ಟು ದೂರದಲ್ಲಿ ಕೂತು, ಫ್ಯಾನಿನ ವೇಗ ಕಡಿಮೆ ಮಾಡಬೇಕಂತೆ ಎಂದು ಅವರಿಗೆ ಹೇಳು ಎನ್ನುತ್ತಿದ್ದರು ಮಾವ. ಕೇಳಿಸಿತು, ಚಳಿಯಾದರೆ ಶಾಲು ಹೊದ್ದುಕೊಳ್ಳಲು ಹೇಳು ಎನ್ನುತ್ತಿದ್ದರು ದೊಡ್ಡ ಮಾವ. ನನಗೆ ತಲೆ ಚಿಟ್ಟು ಹಿಡಿಯಿತು. ಮಾವ ದಿನಕ್ಕೆ ಹತ್ತು ಸಲ ಎಡಗಡೆಯ ಗಾಜನ್ನು ಕರ್ಚೀಫಿನಿಂದ ಒರೆಸಿ, ತಡ್ಕೋ ಕಂದ, ಇನ್ನೇನು ಮುಗೀತು ಎಂದು ಪಿಸುಗುಡುತ್ತಿದ್ದರು. ಬಲಗಡೆಯದನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ದೊಡ್ಡ ಮಾವ ಇದನ್ನೇ ತಿರುಗಾಮುರುಗಾ ಮಾಡುತ್ತಿದ್ದರು. ವಾರ ಕಳೆಯುವ ಹೊತ್ತಿಗೆ ಇಬ್ಬರ ಸೊಂಟವೂ ಹಿಡಿದುಕೊಂಡು, ಒಂದೇ ಮುಲಾಮಿನ ವಾಸನೆ ಇಬ್ಬರಿಂದಲೂ ಬರತೊಡಗಿತು.

ಕೊನೆಯ ದಿನ ಮಧ್ಯಾಹ್ನ ಎಡಗಡೆಯಿಂದ ಟಕ್ ಎಂದು ಸದ್ದಾಯಿತು. ಮಾವ ಕಲ್ಲಾದರು. ಸ್ಟೂಲಿನಿಂದ ಏಳಲೂ ಇಲ್ಲ. ಅವರ ಏಳು ವರ್ಷ ಆ ಗಾಜಿನ ಆಚೆ ಕೂತಿತ್ತು, ಅದನ್ನು ನೋಡಲಾರದೆ ನಾನು ನೆಲ ನೋಡಿದೆ. ಎದ್ದವರು ದೊಡ್ಡ ಮಾವ. ಸ್ಟೂಲು ಉರುಳಿ ಬಿದ್ದರೂ ಲೆಕ್ಕಿಸದೆ ಯಂತ್ರದ ಕೆಂಪು ಗುಂಡಿಯ ಕಡೆಗೆ ಓಡಿದರು.

"ನಿಲ್ಸಿ ಇದನ್ನ, ನನ್ನ ತಮ್ಮಂದು ಮುರೀತಿದೆ."

ಇಂಜಿನಿಯರ್ ಅಡ್ಡ ನಿಂತು ಅವರ ಕೈ ಹಿಡಿದುಕೊಂಡರು. ಟಾರ್ಚ್ ಹಾಕಿ ನೋಡಿ, ಮುರಿದದ್ದು ಏನೂ ಇಲ್ಲ, ಯಂತ್ರದ್ದೇ ಒಂದು ಮುಚ್ಚಳದ ನಟ್ಟು ಸಡಿಲವಾಗಿ ಬಡಿಯುತ್ತಿದೆ ಎಂದು ಅದನ್ನು ಬಿಗಿದರು. ಸದ್ದು ನಿಂತಿತು. ದೊಡ್ಡ ಮಾವ ಪೆಚ್ಚಾಗಿ ಬಂದು ಸ್ಟೂಲನ್ನು ಎತ್ತಿ ನಿಲ್ಲಿಸಿದರು. ಮಾವ ಅಣ್ಣನನ್ನೇ ನೋಡುತ್ತಿದ್ದರು.

"ಏನ್ ನೋಡ್ತೀಯ," ಎಂದರು ದೊಡ್ಡ ಮಾವ, ನನ್ನ ಮೂಲಕವಲ್ಲ, ನೇರವಾಗಿ. "ನಿಂದು ಮುರಿದ್ರೆ ನಂದಕ್ಕೆ ಸಮ ಅಂತ ಹೇಳೋಕೆ ಇನ್ಯಾವನು ಬರ್ತಾನೆ?"

ಮಾವ ತಮ್ಮ ಸ್ಟೂಲನ್ನು ಸ್ವಲ್ಪ ಅಣ್ಣನ ಕಡೆಗೆ ಎಳೆದುಕೊಂಡು ಕೂತರು. ಸಂಜೆಗೆ ಐವತ್ತು ಲಕ್ಷ ತುಂಬಿ ಯಂತ್ರ ನಿಂತಿತು. ಎರಡೂ ಮುರಿದಿರಲಿಲ್ಲ, ಭೂತಗನ್ನಡಿಯಲ್ಲಿ ನೋಡಿದರೂ ಒಂದು ಬಿರುಕಿಲ್ಲ. ಇಂಜಿನಿಯರ್ ಸ್ಕ್ರೂಗಳನ್ನು ಬಿಚ್ಚಿ ತಂದು, ಎಡಗಡೆಯದನ್ನು ದೊಡ್ಡ ಮಾವನ ಕೈಗೂ ಬಲಗಡೆಯದನ್ನು ನಮ್ಮ ಮಾವನ ಕೈಗೂ ಕೊಟ್ಟರು. ಅದಲುಬದಲಾಯಿತಲ್ಲ ಎಂದೆ ನಾನು. ಇಲ್ಲ, ನೀವು ಹೇಳಿದಂತೆಯೇ ಹಾಕಿದ್ದೇನೆ, ಅಣ್ಣನದು ಬಲ, ತಮ್ಮನದು ಎಡ, ಸಾಮಾನು ಕೂರಿಸುವುದು ಹಿಂದಿನಿಂದ, ಎಡ ಬಲ ಹೇಳುವುದೂ ಹಿಂದಿನಿಂದಲೇ ಎಂದು ಆಕಳಿಸಿದರು ಅವರು.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ಅಷ್ಟೂ ದಿನ ಗಾಜು ಒರೆಸಿ ಕಂದ ಎಂದು ಕರೆದದ್ದು ಅಣ್ಣನ ಸ್ಕ್ರೂವನ್ನು. ದುರುಗುಟ್ಟಿ ನೋಡಿದ್ದು ತಮ್ಮದನ್ನೇ. ದೊಡ್ಡ ಮಾವ ತಮ್ಮನದೆಂದು ಎದ್ದು ಓಡಿದ್ದು ತಮ್ಮ ಸ್ವಂತದ್ದನ್ನು ಉಳಿಸಲು. ಇಬ್ಬರೂ ಕೈಯಲ್ಲಿದ್ದ ಸ್ಕ್ರೂಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಸುಬಿನಲ್ಲೇ ತಲೆ ನರೆತವರಿಗೆ ಎರಡರಲ್ಲಿ ತಮ್ಮದು ಯಾವುದೆಂದು ಹನ್ನೆರಡು ದಿನ ತಿಳಿದಿರಲಿಲ್ಲ, ಈಗಲೂ ತಿಳಿಯುತ್ತಿರಲಿಲ್ಲ.

ಮೊದಲು ನಕ್ಕವರು ದೊಡ್ಡ ಮಾವ. ನಗುತ್ತಾ ಬಗ್ಗಿದವರು ಹಾಗೇ ಉಳಿದರು. ಸೊಂಟ ಹಿಡಿದುಕೊಂಡಿತ್ತು. ಮೇಜಿನ ಅಂಚು ಹಿಡಿದು, ಅಯ್ಯೋ ಅಯ್ಯೋ ಎನ್ನುತ್ತಾ, ಮಧ್ಯೆ ಮಧ್ಯೆ ನಗುತ್ತಲೇ ಇದ್ದರು. ಮಾವ ಅವರ ಹತ್ತಿರ ಹೋಗಿ ಸೊಂಟ ನೀವುತ್ತಾ ನಿಂತರು. ಆಮೇಲೆ ನನ್ನ ಕಡೆ ಕೈ ಚಾಚಿದರು. ನಾನು ಪತ್ರ, ಪೆನ್ನು ಎರಡನ್ನೂ ಕೊಟ್ಟೆ. ಮೇಜಿನ ತುಂಬ ಲ್ಯಾಬಿನ ಸಾಮಾನು ಹರಡಿತ್ತು. ಮಾವ ಪತ್ರವನ್ನು ಅಣ್ಣನ ಬಗ್ಗಿದ ಬೆನ್ನ ಮೇಲಿಟ್ಟು, ಅಲ್ಲಾಡಬೇಡ ಎಂದು ಗದರಿಸಿ, ಸಹಿ ಹಾಕಿದರು.

"ಅದೇನು ಬರ್ದಿದ್ದೀಯೋ ಓದಿ ಹೇಳು," ಎಂದರು ಕೆಳಗಿನಿಂದ ದೊಡ್ಡ ಮಾವ.

ಮಾವ ಕನ್ನಡಕ ಸರಿಮಾಡಿಕೊಂಡು ಓದಿದರು. "ನಮ್ಮ ಸ್ಕ್ರೂ ನಮ್ಮ ಅಣ್ಣನ ಸ್ಕ್ರೂಗೆ ಎಲ್ಲಾ ರೀತೀಲೂ ಸಮಾನ."

ಪತ್ರದಲ್ಲಿ ಇದ್ದದ್ದು ಕಂಪನಿಯ ಹೆಸರು. ಅಣ್ಣ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

"ಇನ್ನೊಂದ್ಸಲ ಓದು," ಎಂದರು ದೊಡ್ಡ ಮಾವ.

ಮಾವ ಇನ್ನೊಂದು ಸಲ ಓದಿದರು.